ಕಟ್ಟೆಯಿಲ್ಲದ ಬೃಂದಾವನ

ಮೊಳಕೆ ಬಂದ ರಾಗಿಯ ವಾಸನೆ ನನಗೆ ಆಗುವುದಿಲ್ಲ. ಹೋದ ದಸರೆಯಲ್ಲಿ ವುಡ್‌ಬ್ರಿಡ್ಜ್‌ನ ಮನೆಯೊಂದಕ್ಕೆ ಆಫೀಸಿನ ಹುಡುಗಿಯೊಬ್ಬಳು ಗೊಂಬೆ ನೋಡಲು ಕರೆದಿದ್ದಳು. ಗೊಂಬೆ ಮೆಟ್ಟಿಲ ಮುಂದೆ ಅಲ್ಯುಮಿನಿಯಂ ತಟ್ಟೆಗಳಲ್ಲಿ ರಾಗಿ ಪೈರು ಬೆರಳುದ್ದ ಎದ್ದು ನಿಂತಿತ್ತು. ಒದ್ದೆ ಮಣ್ಣಿನ, ಒಂದಿಷ್ಟು ಹುಳಿ ಬಂದಂಥ ಆ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು. ಇಂಥ ವಾಸನೆಗೆ ಜನರಿಗೆಲ್ಲ ಬಾಲ್ಯ ನೆನಪಾಗಿ ಕಣ್ಣು ತುಂಬಿ ಬರುತ್ತದಂತೆ. ನನಗೆ ಮೈಯೆಲ್ಲ ಉರಿಯಿತು. ಅವಳು ಕೊಟ್ಟ ಚಕ್ಕುಲಿಯನ್ನು ಅರ್ಧ ತಿಂದು, ಟ್ರಾಫಿಕ್ ಆಗಿಬಿಡುತ್ತೆ ಅಂತ ಸುಳ್ಳು ಹೇಳಿ ಹೊರಟುಬಂದೆ. ಪಾಪ, ಅವಳ ತಪ್ಪೇನೂ ಇಲ್ಲ. ಕಾರಿನಲ್ಲಿ ಕೂತು ಕಿಟಕಿ ಏರಿಸಿಕೊಂಡು ಬೈದೆ, ಹೆಸರು ಹಿಡಿದೇ ಬೈದೆ. ಇಪ್ಪತ್ತು ವರ್ಷ ದಾಟಿದರೂ ಆರದ ಸಿಟ್ಟು ಅದು. ಬರೆದರೆ ಆರುತ್ತದೆ ಎಂಬ ಭರವಸೆ ನನಗಿಲ್ಲ. ಆದರೂ ಬರೆಯುತ್ತೇನೆ.

ಅದು ತೊಂಬತ್ತೊಂಬತ್ತರ ಶರತ್ಕಾಲ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಲೋಕವೇ ಹೆದರಿತ್ತು. ಆ ಹೆದರಿಕೆಯ ದಯದಿಂದ ನನಗೆ ಪಿಸ್ಕಾಟವೇಯ ಒಂದು ಟೆಲಿಕಾಂ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಗಳನ್ನು ಹುಡುಕಿ ನಾಲ್ಕಂಕಿ ಮಾಡುವುದು, ಅಷ್ಟೇ. ಗಂಡ ಪ್ರಾಜೆಕ್ಟೆಂದು ಒಹಾಯೊದಲ್ಲಿದ್ದರು. ಅಪಾರ್ಟ್‌ಮೆಂಟಿನಲ್ಲಿ ನಾನು ಮತ್ತು ಮೈಸೂರಿನಿಂದ ವಿಸಿಟರ್ ವೀಸಾದ ಮೇಲೆ ಬಂದಿದ್ದ ಅಬ್ಬ.

ಅಬ್ಬ, ಅಂದರೆ ನನ್ನ ತಂದೆ ಅಬ್ದುಲ್ ಮಜೀದ್, ತೋಟಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಮನೆಯಲ್ಲಿ ನಾವು ಮೈಸೂರು ಕಡೆಯ ನಮ್ಮ ಉರ್ದು ಆಡುತ್ತೇವೆ. ಆದರೆ ಗಿಡಮರದ ವಿಷಯ ಬಂದರೆ ಅಬ್ಬನ ಬಾಯಿ ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು. ಜೀವಮಾನವೆಲ್ಲ ಮಾಲಿಗಳ ಜೊತೆ, ರೈತರ ಜೊತೆ, ಸಚಿವರ ಜೊತೆ ಅವರು ತೋಟದ ಬಗ್ಗೆ ಮಾತಾಡಿದ್ದು ಕನ್ನಡದಲ್ಲೇ. ನಿವೃತ್ತಿಯಾದ ಮೇಲೆ, ಅದರ ಹಿಂದೆಯೇ ಅಮ್ಮಿ ತೀರಿಕೊಂಡ ಮೇಲೆ, ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅದು ಅವರನ್ನು ಒಳಗೇ ತಿನ್ನುತ್ತಿತ್ತು. ಇಲ್ಲಿ ಬಂದ ಮೇಲಂತೂ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಕೆಳಗೆ ಹುಲ್ಲುಹಾಸಿನ ಮೇಲೆ ಮಿಷಿನ್ ಹಿಡಿದು ತರಗೆಲೆ ಊದುವವರನ್ನು ನೋಡಿ ಗೊಣಗುವುದೇ ಕೆಲಸವಾಗಿತ್ತು.

“ಎಲೆ ಅಲ್ಲಿಂದ ಇಲ್ಲಿಗೆ ಊದಕ್ಕೆ ಇಷ್ಟು ದೊಡ್ಡ ಮಿಷಿನ್ನಾ? ಅಷ್ಟು ಒಳ್ಳೆ ಗೊಬ್ಬರ ಚೀಲಕ್ಕೆ ತುಂಬಿ ಬಿಸಾಕ್ತಾರಲ್ಲ, ಇವರಿಗೇನು ತಲೆ ಕೆಟ್ಟಿದೆಯಾ?”

ಇಂಥ ಹೊತ್ತಿನಲ್ಲಿ ವಸುಧಾ ಬಂದಳು. ನಮ್ಮ ಕೆಳಗಿನ ಮನೆಯವಳು, ಮೈಸೂರಿನವಳು, ಆಗ ನನಗಿದ್ದ ಒಬ್ಬಳೇ ಸ್ನೇಹಿತೆ. ಇಲ್ಲಿನ ಕನ್ನಡ ಸಂಘದವರು ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ದಸರಾ ಮಾಡುತ್ತಿದ್ದರು. ಆ ಸಲ ಸ್ಟೇಜಿನ ಪಕ್ಕ ದೊಡ್ಡದಾಗಿ ಗೊಂಬೆ ಕೂರಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹಳೇ ಮೈಸೂರಿನ ಮನೆಗಳಲ್ಲಿ ಗೊಂಬೆಗಳ ಜೊತೆಗೆ ಒಂದು ಪಾರ್ಕ್ ಮಾಡುವುದು ವಾಡಿಕೆ. ರಾಗಿ, ಮೆಂತ್ಯ ಚೆಲ್ಲಿ ಹುಲ್ಲು ಬೆಳೆಸಿ, ಕನ್ನಡಿಯಿಟ್ಟು ಕೆರೆ ಮಾಡುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಅಷ್ಟೂ ಪಾರ್ಕುಗಳಿಗೆ ಕೆಮ್ಮಣ್ಣು, ಲಾನಿನ ಹುಲ್ಲು ಅಬ್ಬನ ನರ್ಸರಿಯಿಂದಲೇ ಹೋಗುತ್ತಿತ್ತು.

“ಅಂಕಲ್, ನಂಗೆ ಪಾರ್ಕ್ ಮಾಡಿಕೊಡಿ. ಥರ್ಮಾಕೋಲು, ಬಣ್ಣ, ಏನು ಬೇಕೋ ತಂದುಕೊಡ್ತೀನಿ. ಐಡಿಯಾ ನಿಮ್ಮದೇ,” ಅಂದಳು.

ಅಬ್ಬ ಕುರ್ಚಿಯಿಂದ ಎದ್ದ ಬಗೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. “ನಿಶಾತ್ ಬಾಗ್ ಮಾಡೋಣಮ್ಮ,” ಅಂದರು. ಯೋಚನೆಯನ್ನೇ ಮಾಡಲಿಲ್ಲ.

ಕಾಶ್ಮೀರದ ಆ ತೋಟ ಅಬ್ಬನ ಮನಸ್ಸಿನಲ್ಲಿ ಮೊದಲಿಂದ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲಾಖೆಯವರು ತರಬೇತಿಗೆಂದು ಅವರನ್ನು ಒಂದು ಬೇಸಿಗೆ ಅಲ್ಲಿಗೆ ಕಳಿಸಿದ್ದರು. ದಾಲ್ ಸರೋವರದ ದಡದಿಂದ ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ತೋಟ. ಅಲ್ಲಿಯ ಮಾಲಿಗಳ ಜೊತೆ ಓಡಾಡಿ, ಸಿಕ್ಕ ಪುಸ್ತಕವನ್ನೆಲ್ಲ ಓದಿ, ಅದರ ಚರಿತ್ರೆಯನ್ನು ಅವರು ತಲೆಯೊಳಗೆ ಹೊತ್ತು ತಂದಿದ್ದರು. ಆಮೇಲೆ ಕೇಳುವವರು ಸಿಗದೆ ಅದು ಹಾಗೇ ಉಳಿದುಹೋಗಿತ್ತು.

ದಸರೆವರೆಗಿನ ಮೂರು ವಾರ ನಮ್ಮ ಹಾಲಿನ ಕಾರ್ಪೆಟ್ ಕಾಣಲಿಲ್ಲ. ಆಫೀಸಿನಲ್ಲಿ ಹಳೆ ಕಂಪ್ಯೂಟರ್ ಬಿಸಾಡಿ ಹೊಸದು ತರಿಸುತ್ತಿದ್ದರಲ್ಲ, ಅವುಗಳ ಪೆಟ್ಟಿಗೆಯ ಥರ್ಮಾಕೋಲನ್ನೆಲ್ಲ ನಾನು ಡಿಕ್ಕಿ ತುಂಬ ಹೊತ್ತು ತಂದೆ. ಅಬ್ಬ ಅದನ್ನು ಕೊಯ್ದು ಮೆಟ್ಟಿಲು ಕಟ್ಟಿದರು. ರಾಗಿ ಇಲ್ಲಿನ ಅಂಗಡಿಯಲ್ಲಿ ಸಿಗದೆ, ವಸುಧಾ ಊರಿನಿಂದ ತಂದಿಟ್ಟುಕೊಂಡಿದ್ದ ಚೀಲವನ್ನೇ ಬಿಚ್ಚಿದಳು. ಹೀಟರಿನ ಬಿಸಿಗಾಳಿ ಬರುವ ಕಡೆ ತಟ್ಟೆಗಳಲ್ಲಿ ಅದು ಮೊಳೆತು, ಇಡೀ ಮನೆ ಆ ವಾಸನೆಯಲ್ಲಿ ಮುಳುಗಿತು. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪ್ ತಂದು ನೀರನ್ನು ಮೇಲಕ್ಕೆ ಏರಿಸಿದೆವು. ನಡೆದಾಡಲು ಹೋದ ಅಬ್ಬ ನದಿಯ ದಂಡೆಯಿಂದ ಸಿಕಮೋರ್ ಮರದ ಪುಟ್ಟ ರೆಂಬೆಗಳನ್ನು ಮುರಿದುಕೊಂಡು ಬಂದರು. “ಇದು ಕಾಶ್ಮೀರದ ಚಿನಾರ್ ಮರದ ದಾಯಾದಿ ಕಣಮ್ಮ. ಈ ದೇಶದಲ್ಲಿ ನನಗೆ ಗುರುತು ಸಿಕ್ಕಿದ್ದು ಇದೊಂದೇ,” ಅಂದರು.

ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಕತೆ ಹೇಳುತ್ತಿತ್ತು. ಸಂಜೆ ಆಫೀಸಿನಿಂದ ಬಂದು ನಾನು, ಮಗುವನ್ನು ಮಲಗಿಸಿ ಬಂದು ವಸುಧಾ, ಇಬ್ಬರೂ ಅಂಟು ಹಚ್ಚುತ್ತ ಕೇಳುತ್ತಿದ್ದೆವು.

“ನಮ್ಮಲ್ಲಿ ಜನ್ನತ್, ಸ್ವರ್ಗ, ಅಂದ್ರೆ ತೋಟ. ಕೆಳಗೆ ನೀರು ಹರೀತಿರೋ ತೋಟ. ಮೈದಾನದಲ್ಲಾದ್ರೆ ನಾಲ್ಕು ಭಾಗ ಮಾಡಿ ನಡುವೆ ಕಾಲುವೆ ತೆಗೀತಾರೆ. ಬೆಟ್ಟದಲ್ಲಿ ಆ ಲೆಕ್ಕ ನಡಿಯಲ್ಲ. ಬೆಟ್ಟ ಹೇಳಿದ ಹಾಗೆ ನಾವು ಕೇಳ್ಬೇಕು. ಅದಕ್ಕೇ ಹನ್ನೆರಡು ಮೆಟ್ಟಿಲು, ಹನ್ನೆರಡು ರಾಶಿಗೆ ಒಂದೊಂದು. ಮೇಲಿಂದ ತೊರೆ ಇಳಿದು ಬರ್ತದೆ. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಸುಮ್ಮನೆ ಧುಮುಕಲ್ಲ. ಕೆತ್ತನೆ ಮಾಡಿದ ಕಲ್ಲು ಓರೆಯಾಗಿ ಹಾಕಿರ್ತಾರೆ, ಅದರ ಮೇಲೆ ಜಾರಿದ್ರೆ ನೀರು ನೊರೆ ನೊರೆಯಾಗಿ ಬಿಳೀ ಬಟ್ಟೆ ಹಾಸಿದ ಹಾಗೆ ಕಾಣ್ತದೆ. ಅದಕ್ಕೆ ಚಾದರ ಅಂತಾನೇ ಹೆಸರು.”

ಆ ಚಾದರಕ್ಕಾಗಿ ಅವರು ಅಲೆಅಲೆಯ ಪ್ಲಾಸ್ಟಿಕ್ ಹಾಳೆಯನ್ನು ಓರೆಯಾಗಿ ಕೊಯ್ದು ಕೊಯ್ದು ಬೆರಳೆಲ್ಲ ಗಾಯ ಮಾಡಿಕೊಂಡರು.

ತೋಟ ಮಾಡಿಸಿದವನು ಮೊಗಲ್ ಚಕ್ರವರ್ತಿಯ ಮಾವನಂತೆ. ಚಕ್ರವರ್ತಿ ಬಂದು ನೋಡಿದ, ಬೆರಗಾದ. ಎಂಥ ತೋಟ ಎಂದು ಮೂರು ಸಲ ಹೊಗಳಿದ. ಹೊಗಳಿದರೆ ನಿಮ್ಮದೇ ತೆಗೆದುಕೊಳ್ಳಿ ಎನ್ನಬೇಕಿತ್ತು. ಮಾವ ಸುಮ್ಮನಿದ್ದ. ಆ ತೊರೆಯ ನೀರು ಪಕ್ಕದಲ್ಲಿದ್ದ ಚಕ್ರವರ್ತಿಯ ಸ್ವಂತ ತೋಟಕ್ಕೂ ಹೋಗುತ್ತಿದ್ದು, ಅದರ ಹಿಡಿತ ಅವನ ಕೈಯಲ್ಲೇ ಇದ್ದುದರಿಂದ, ಮುನಿಸಿಕೊಂಡ ಚಕ್ರವರ್ತಿ ನಿಶಾತಿನ ನೀರು ನಿಲ್ಲಿಸಿಬಿಟ್ಟ. ತೋಟ ಒಣಗಿತು. ಒಂದು ದಿನ ಮಾವ ಮರದಡಿ ದುಃಖದಲ್ಲಿ ನಿದ್ದೆ ಹೋಗಿದ್ದಾಗ, ಅದನ್ನು ನೋಡಲಾರದೆ ಆಳೊಬ್ಬ ಹೋಗಿ ಕಾಲುವೆ ತೆರೆದ. ಕಾರಂಜಿಯ ಸದ್ದಿಗೆ ಎಚ್ಚರಗೊಂಡ ಮಾವ ಹೆದರಿ ನಡುಗಿಹೋದ. ಆದರೆ ಚಕ್ರವರ್ತಿ ಸುದ್ದಿ ಕೇಳಿ ಆಳನ್ನು ಶಿಕ್ಷಿಸಲಿಲ್ಲ, ತೋಟಕ್ಕೆ ನೀರಿನ ಹಕ್ಕನ್ನೇ ಬರೆದುಕೊಟ್ಟ.

“ಇದು ನಡೆದದ್ದೋ ಕಟ್ಟಿದ್ದೋ ಗೊತ್ತಿಲ್ಲ,” ಎನ್ನುತ್ತಿದ್ದರು ಅಬ್ಬ. “ಆದ್ರೆ ತೋಟದ ಚರಿತ್ರೆ ಅಂದ್ರೆ ನೀರಿನ ಚರಿತ್ರೆ. ಯಾರು ಬಿಟ್ರು, ಯಾರು ನಿಲ್ಲಿಸಿದ್ರು, ಅಷ್ಟೇ.”

ಮೆಟ್ಟಿಲ ಲೆಕ್ಕಕ್ಕೆ ಬಂದಾಗ ವಸುಧಾ ತಡೆದಳು. “ಅಂಕಲ್, ಹನ್ನೆರಡು ಆಗಲ್ಲ. ಈ ಮೆಟ್ಟಿಲ ಮೇಲೇ ತಾನೇ ಗೊಂಬೆ ಕೂರಿಸೋದು? ಗೊಂಬೆ ಮೆಟ್ಟಿಲು ಬೆಸ ಇರ್ಬೇಕು. ಸಮ ಇಟ್ರೆ ನಮ್ಮಮ್ಮ ಫೋನಿನಲ್ಲೇ ಬೈತಾರೆ.”

ನಾನು ಅಬ್ಬನ ಮುಖ ನೋಡಿದೆ. ಚರಿತ್ರೆಯಲ್ಲಿ ಒಂದು ಕೂದಲೆಳೆ ಆಚೀಚೆಯಾದರೂ ಸಹಿಸುವವರಲ್ಲ. ಅವರು ಬೆರಳ ಅಂಟು ಕೀಳುತ್ತ ಯೋಚಿಸಿದರು. ಆಮೇಲೆ ಮುಖ ಅರಳಿತು. “ಹದಿಮೂರು ಮಾಡೋಣ. ಆಗಿನ ಕಾಲದಲ್ಲಿ ಆ ತೋಟಕ್ಕೆ ದೋಣಿಯಲ್ಲೇ ಹೋಗ್ತಿದ್ದದ್ದು. ಅಂದ್ರೆ ಕೆರೆಯೂ ಒಂದು ಮೆಟ್ಟಿಲೇ ಆಯ್ತಲ್ಲ. ಅದನ್ನೂ ಸೇರಿಸಿ ಎಣಿಸು. ಮೇಲಿನದು ರಾಣಿವಾಸದ ಅಂಗಳ. ನಿಮ್ಮ ಪಟ್ಟದ ರಾಣಿ ಅಲ್ಲೇ ಕೂರ್ಲಿ, ಅವಳಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.”

ಆ ಸಂಜೆ ನಾವು ಮೂವರೂ ನಕ್ಕಷ್ಟು ಆಮೇಲೆ ನಕ್ಕಿಲ್ಲ.

ಸಂಘದ ಅಧ್ಯಕ್ಷರು ಶ್ರೀಕಂಠ ಅಂಕಲ್. ಎಪ್ಪತ್ತರ ದಶಕದಲ್ಲೇ ಬಂದವರು, ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ದೊಡ್ಡ ಮನೆ, ಬೆಣ್ಣೆಯಂಥ ಮಾತು. ವಸುಧಾ ಅವರಿಗೆ ಎಲ್ಲ ಹೇಳಿ, ಗೊಂಬೆ ಮುಂದೆ ಅಬ್ಬ ಹತ್ತು ನಿಮಿಷ ಆ ತೋಟದ ಚರಿತ್ರೆ ಹೇಳಲಿ ಎಂದು ಒಪ್ಪಿಸಿದ್ದಳು. “ಓಹೋ, ಹೇಳ್ಲಿ ಹೇಳ್ಲಿ, ನಮ್ಮ ಸಾಹೇಬ್ರು,” ಅಂದಿದ್ದರಂತೆ. ಅಂದಿನಿಂದ ಅಬ್ಬನಿಗೆ ಬೇರೆ ಲೋಕವೇ ಇರಲಿಲ್ಲ. ನಾನು ಆಫೀಸಿಗೆ ಹೋದ ಮೇಲೆ ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುವುದು ಕೆಳಗಿನ ಮನೆಗೆ ಕೇಳುತ್ತದೆ ಎಂದು ವಸುಧಾ ನಗುತ್ತಿದ್ದಳು. ಊರಿನಿಂದ ತಂದ ಒಂದೇ ಕೋಟನ್ನು ಎರಡು ಸಲ ಇಸ್ತ್ರಿ ಮಾಡಿಸಿಕೊಂಡರು. ಆ ಹತ್ತು ನಿಮಿಷ ಅವರಿಗೆ ಎಷ್ಟು ಬೇಕಾಗಿತ್ತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ತೋಟವನ್ನು ಮೆಟ್ಟಿಲು ಮೆಟ್ಟಿಲಾಗಿ ಹೊತ್ತುಕೊಂಡು ಹೋಗಿ ಸ್ಟೇಜಿನ ಪಕ್ಕ ಜೋಡಿಸಿದೆವು. ಪಂಪ್ ಹಾಕಿದಾಗ ನೀರು ರಾಣಿವಾಸದಿಂದ ಇಳಿದು, ಚಾದರಗಳ ಮೇಲೆ ನೊರೆಯಾಗಿ ಜಾರಿ, ಕೆಳಗಿನ ಕೆರೆ ಸೇರಿತು. ಅಭ್ಯಾಸಕ್ಕೆ ಬಂದಿದ್ದ ಮಕ್ಕಳೆಲ್ಲ ಕುಣಿತ ಬಿಟ್ಟು ಓಡಿಬಂದವು. “ಈಸ್ ಇಟ್ ಎ ರಿಯಲ್ ಪ್ಲೇಸ್?” ಎಂದು ಒಂದು ಹುಡುಗಿ ಕೇಳಿದಳು. ಅಬ್ಬ ಅವಳಿಗೆ ಕನ್ನಡದಲ್ಲೇ ಉತ್ತರ ಹೇಳಿದರು, ಅವಳಿಗೆ ಅರ್ಥವಾದಂತೆಯೂ ಕಂಡಿತು. ನಾನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದ ಬೋರ್ಡು ನಿಲ್ಲಿಸಿದೆ: ನಿಶಾತ್ ಬಾಗ್, ಕಾಶ್ಮೀರ. ಕೆಳಗೆ ಚಿಕ್ಕದಾಗಿ ಅಬ್ಬನ ಹೆಸರು. ಆಮೇಲೆ ಸ್ನಾನ, ನಮಾಜು, ಬಟ್ಟೆ ಎಂದು ಮನೆಗೆ ಹೋದೆವು.

ಸಂಜೆ ಬಂದು ನೋಡಿದರೆ ಬೋರ್ಡು ಬದಲಾಗಿತ್ತು.

‘ಬೃಂದಾವನ, ಮೈಸೂರು’ ಎಂದು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿ ಅಂಟಿಸಿದ್ದರು. ಪಟ್ಟದ ರಾಣಿಯನ್ನು ಪಕ್ಕಕ್ಕೆ ಸರಿಸಿ, ಮೇಲಿನ ಅಂಗಳದಲ್ಲಿ ಯಾರದೋ ಮನೆಯ ಲಕ್ಷ್ಮಿ ಗೊಂಬೆಯ ಕೈಗೆ ಒಂದು ಪುಟ್ಟ ಚೊಂಬು ಅಂಟಿಸಿ ಕಾವೇರಿ ಎಂದು ನಿಲ್ಲಿಸಿದ್ದರು. ನೀರಿನ ಸದ್ದು ಮೈಕಿಗೆ ಬರುತ್ತದೆಂದು ಪಂಪಿನ ಪ್ಲಗ್ ಕಿತ್ತಿದ್ದರು. ಚಾದರಗಳ ಮೇಲೆ ಒಂದೆರಡು ಹನಿ ಮಾತ್ರ ಉಳಿದಿತ್ತು. ಕ್ಯೂ ನಿಂತ ಜನ ಆಹಾ, ನಮ್ಮ ಬೃಂದಾವನ ಎಂದು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಬೃಂದಾವನದಲ್ಲಿ ಕಟ್ಟೆ ಮೇಲೆ, ತೋಟ ಕೆಳಗೆ. ಇಲ್ಲಿ ಕೆರೆಯೇ ತೋಟದ ಕಾಲಬುಡದಲ್ಲಿತ್ತು, ಕಟ್ಟೆ ಎನ್ನುವುದು ಎಲ್ಲೂ ಇರಲಿಲ್ಲ. ಹುಟ್ಟಿದಾಗಿನಿಂದ ಕನ್ನಂಬಾಡಿಗೆ ಬುತ್ತಿ ಕಟ್ಟಿಕೊಂಡು ಹೋದ ಜನ! ಒಬ್ಬರಿಗಾದರೂ, ಒಬ್ಬರೇ ಒಬ್ಬರಿಗಾದರೂ, ಇದರ ಕಟ್ಟೆ ಎಲ್ಲಿ ಎಂದು ಅನಿಸಲಿಲ್ಲ. ಹೆಸರು ಹಿತವಾಗಿದ್ದರೆ ಕಣ್ಣೂ ಕುರುಡಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ವಸುಧಾಳನ್ನು ಹುಡುಕಿ ಹಿಡಿದೆ. ಅವಳು ನನ್ನ ಮುಖ ನೋಡಲಿಲ್ಲ. “ಶ್ರೀಕಂಠ ಅಂಕಲ್ ನಿನ್ನೇನೇ ಫೋನ್ ಮಾಡಿದ್ರು ಕಣೇ. ನಿಂಗೆ ಹೇಗೆ ಹೇಳೋದು ಅಂತ...”

“ನಿನ್ನೇನೇ ಗೊತ್ತಿತ್ತಾ? ಬೆಳಿಗ್ಗೆ ನಮ್ಮ ಜೊತೆ ನಿಂತು ಜೋಡಿಸಿದೆಯಲ್ಲ?”

“ಮಾತಾಡಿ ಸರಿಮಾಡ್ಬಹುದು ಅಂದ್ಕೊಂಡಿದ್ದೆ,” ಎಂದು ಅಳತೊಡಗಿದಳು. ಅವಳ ಅಳು ನೋಡಿ ನನ್ನ ಸಿಟ್ಟು ಇನ್ನೂ ಏರಿತು. ಅಳುವ ಹಕ್ಕನ್ನೂ ಅವಳೇ ತೆಗೆದುಕೊಂಡುಬಿಟ್ಟಳಲ್ಲ ಎನ್ನಿಸಿತು.

ಶ್ರೀಕಂಠ ಅಂಕಲ್ ಕಾರಿಡಾರಿನಲ್ಲಿ ಕೋಕ್ ಮಿಷಿನ್ ಪಕ್ಕ ಸಿಕ್ಕಿದರು. ರೇಷ್ಮೆ ಜುಬ್ಬ, ಹಣೆಗೆ ಕುಂಕುಮ, ಅದೇ ನಗು.

“ತಪ್ಪು ತಿಳ್ಕೋಬೇಡಮ್ಮ ಫರೀದಾ. ಈ ವರ್ಷ ಕಾಶ್ಮೀರ ಅಂದ್ರೆ ಸ್ವಲ್ಪ ಸೆನ್ಸಿಟಿವ್. ಈಗಷ್ಟೇ ಕಾರ್ಗಿಲ್ ಆಗಿದೆ. ಯಾರಾದ್ರೂ ಏನಾದ್ರೂ ಅಂದ್ರೆ ಸಾಹೇಬ್ರಿಗೇ ಬೇಜಾರಾಗತ್ತೆ, ಅಲ್ವಾ?”

“ಕಾಶ್ಮೀರ ನಮ್ದು ಅಂತ ತಾನೇ ಅಂಕಲ್ ಜುಲೈನಲ್ಲಿ ಇದೇ ಹಾಲ್‌ನಲ್ಲಿ ಸೈನಿಕರಿಗೆ ದುಡ್ಡು ಎತ್ತಿದ್ದು? ನಾನೂ ಕೊಟ್ಟಿದ್ದೀನಿ. ಕಾಶ್ಮೀರ ನಮ್ದಾದ್ರೆ ಅಲ್ಲಿಯ ತೋಟ ಯಾಕೆ ನಮ್ದಲ್ಲ?”

“ತೋಟದ ಪ್ರಶ್ನೆ ಅಲ್ಲಮ್ಮ. ದಸರಾ ಸ್ಟೇಜಲ್ಲಿ ಮೊಗಲರ ಕತೆ ಅಂದ್ರೆ ಎಲ್ಡರ್ಸ್ ಒಪ್ಪಲ್ಲ.”

“ಬೃಂದಾವನ ಯಾರು ಮಾಡಿಸಿದ್ದು ಅಂಕಲ್?”

ಅವರಿಗೆ ಗೊತ್ತಿತ್ತು. ಹಳೇ ಮೈಸೂರಿನವರಿಗೆ ಯಾರಿಗೆ ಗೊತ್ತಿಲ್ಲ? “ದಿವಾನ್ ಸಾಹೇಬ್ರು,” ಎಂದು ಮೆಲ್ಲಗೆ ಅಂದರು, ಆ ಮುಸ್ಲಿಂ ದಿವಾನರ ಹೆಸರು ಎತ್ತದೆ.

“ಅವರು ಯಾವ ತೋಟ ನೋಡ್ಕೊಂಡು ಮಾಡಿಸಿದ್ದು?”

ಅಂಕಲ್ ವಾಚ್ ನೋಡಿಕೊಂಡರು. ಕಾಶ್ಮೀರದ ತೋಟಗಳನ್ನು ಮಾದರಿಯಾಗಿಟ್ಟುಕೊಂಡೇ ಬೃಂದಾವನ ಆಯಿತು ಎನ್ನುವುದು ಅಬ್ಬನ ಭಾಷಣದ ಕೊನೆಯ ಮಾತಾಗಿತ್ತು. ಇದು ಕೇಳಿದರೆ ಮೈಸೂರಿನವರು ಚಪ್ಪಾಳೆ ಹೊಡೆಯುತ್ತಾರೆ ಎಂದು ಅದನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು.

“ಟೈಮ್ ತುಂಬಾ ಶಾರ್ಟ್ ಇದೆಯಮ್ಮ, ಭಾಷಣಗಳೆಲ್ಲ ಕಟ್ ಮಾಡಿದ್ದೀವಿ. ಆದ್ರೆ ಸಾಹೇಬ್ರನ್ನ ಸ್ಟೇಜಿಗೆ ಕರೆದು ಶಾಲು ಹೊದಿಸ್ತೀವಿ. ಗೌರವಕ್ಕೆ ಕಮ್ಮಿ ಮಾಡಲ್ಲ,” ಎಂದು ನನ್ನ ಭುಜ ತಟ್ಟಿ ಹೋದರು. ಗದರಿದ್ದರೆ, ಒಂದು ಕೆಟ್ಟ ಮಾತಾಡಿದ್ದರೆ ನನಗೆ ಜಗಳವಾಡಲು ಏನಾದರೂ ಸಿಗುತ್ತಿತ್ತು. ಆ ಮನುಷ್ಯ ನನಗೆ ಅದನ್ನೂ ಕೊಡಲಿಲ್ಲ.

ಒಳಗೆ ಬಂದೆ. ಅಬ್ಬ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಬೋರ್ಡನ್ನು ಆಗಲೇ ನೋಡಿದ್ದರು. “ಪ್ಲಗ್ ಕಿತ್ತಿದ್ದಾರೆ,” ಎಂದಷ್ಟೇ ಅಂದರು. ಎದ್ದು ಹೋಗೋಣ ಬನ್ನಿ ಎಂದು ತೋಳು ಹಿಡಿದೆ. ಏಳಲಿಲ್ಲ. ಸ್ಟೇಜಿನಲ್ಲಿ ಭಾಷಣಗಳೇನೂ ಕಟ್ ಆಗಿರಲಿಲ್ಲ. ಅಧ್ಯಕ್ಷರು ಮಾತಾಡಿದರು, ಪ್ರಾಯೋಜಕರು ಮಾತಾಡಿದರು, ಮನೆ ಮಾರುವ ಏಜೆಂಟೊಬ್ಬ ಬಡ್ಡಿ ದರದ ಬಗ್ಗೆ ಮಾತಾಡಿದ. ಆಮೇಲೆ ಮೈಕಿನಲ್ಲಿ ಕೂಗಿದರು: “ಈ ಸುಂದರ ಬೃಂದಾವನ ಮಾಡಿಕೊಟ್ಟ ನಮ್ಮ ಸಾಹೇಬರು ವೇದಿಕೆಗೆ ಬರಬೇಕು.” ಹೆಸರು ಹೇಳಲಿಲ್ಲ. ಹೆಸರು ಬರೆದ ಬೋರ್ಡು ಇರಲಿಲ್ಲವಲ್ಲ.

ಅಬ್ಬ ಎದ್ದು ಹೋದರು. ಮೈಕ್ ಅವರಿಂದ ಒಂದು ಕೈಯಳತೆಯಲ್ಲಿತ್ತು. ಈಗ ಹಿಡಿಯುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಸಾಲಿನಲ್ಲಿ ಎದ್ದು ನಿಂತಿದ್ದೆ. ಅವರು ಅದರ ಕಡೆ ನೋಡಿದ್ದು ನಿಜ. ಅಷ್ಟರಲ್ಲಿ ಶ್ರೀಕಂಠ ಅಂಕಲ್ ಶಾಲು ಹೊದಿಸಿ, ಪೇಟ ಇಟ್ಟು, ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ಎರಡೂ ಕೈ ತುಂಬಿಹೋಯಿತು. ಅಬ್ಬ ತಟ್ಟೆಯ ಮೇಲೆ ತಲೆ ಬಾಗಿಸಿ ಸಭೆಗೆ ವಂದಿಸಿ ಇಳಿದುಬಂದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಕಾರಿನಲ್ಲಿ ನಾನು ಮನೆಯವರೆಗೂ ಬಡಬಡಿಸಿದೆ. ಸಂಘ, ಅಂಕಲ್, ವಸುಧಾ, ಇಡೀ ಹಳೇ ಮೈಸೂರು, ಯಾರನ್ನೂ ಬಿಡಲಿಲ್ಲ. ಅಬ್ಬ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. “ರಸ್ತೆ ನೋಡಿ ಓಡಿಸು ಬೇಟಾ,” ಅಂದರು. ಮರುದಿನ ತೋಟವನ್ನು ತರಲು ನಾನು ಹೋಗಲಿಲ್ಲ. ಅದನ್ನು ಸಂಘದವರು ಏನು ಮಾಡಿದರೋ ಕೇಳಲೂ ಇಲ್ಲ. ವಸುಧಾಳೊಂದಿಗೆ ಮೆಟ್ಟಿಲಲ್ಲಿ ಎದುರಾದರೆ ಹಲೋ ಅನ್ನುವಷ್ಟು ಸ್ನೇಹ ಉಳಿಯಿತು. ಆಮೇಲೆ ಅವಳ ಮನೆಯವರೆಲ್ಲ ಕ್ಯಾಲಿಫೋರ್ನಿಯಾಕ್ಕೆ ಹೋದರು. ಮೊದಲ ಹಿಮ ಬೀಳುವ ಮುಂಚೆ ಅಬ್ಬ ಊರಿಗೆ ಹೊರಟರು. ಎರಡು ಸಾವಿರದ ಇಸವಿ ಬಂತು. ಒಂದು ಕಂಪ್ಯೂಟರೂ ಕೆಡಲಿಲ್ಲ.

ಮುಂದಿನ ದಸರೆಗೆ ರಜೆ ಹಾಕಿ ಮೈಸೂರಿಗೆ ಹೋದೆ. ಎದುರು ಮನೆಯ ಲಲಿತಮ್ಮ, ನನ್ನನ್ನು ಎತ್ತಿ ಆಡಿಸಿದವರು, ಗೊಂಬೆಗೆ ಕರೆದಿದ್ದರು. ಅಬ್ಬನ ಜೊತೆ ಹೋದೆ. ಕೋಡುಬಳೆ ತಟ್ಟೆ ಮುಂದಿಡುತ್ತ ಅವರು ಕೇಳಿದರು: “ಏನ್ ಮಜೀದ್ ಸಾಹೇಬ್ರೇ, ಅಮೆರಿಕದಲ್ಲೂ ಪಾರ್ಕ್ ಮಾಡಿದ್ರಂತೆ! ಏನ್ ಮಾಡಿದ್ರಿ?”

ನಾನು ಕಾಯುತ್ತ ಕೂತೆ. ಆ ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ. ವಾಚ್ ನೋಡುವವರೂ ಇರಲಿಲ್ಲ. ಲಲಿತಮ್ಮ ಕೇಳುವುದಕ್ಕೆಂದೇ ಕುರ್ಚಿ ಎಳೆದುಕೊಂಡು ಕೂತಿದ್ದರು.

“ಬೃಂದಾವನ ಮಾಡಿದ್ದೆ ತಾಯಿ,” ಅಂದರು ಅಬ್ಬ. “ಶಾಲು ಹೊದಿಸಿದ್ರು.”

ಬೀದಿಗೆ ಬಂದ ಮೇಲೆ ತಡೆಯಲಾಗಲಿಲ್ಲ. “ಯಾಕಬ್ಬ ಹಾಗಂದ್ರಿ? ಲಲಿತಮ್ಮ ಕೇಳ್ತಿದ್ರು. ಪೂರ್ತಿ ಕೇಳ್ತಿದ್ರು.”

“ಅಲ್ಲೂ ಕೇಳ್ತಾರೆ ಅಂತಾನೇ ಅಲ್ವಾ ಬೇಟಾ ನಾನು ಕೋಟು ಹಾಕ್ಕೊಂಡು ಹೋಗಿದ್ದು,” ಅಂದರು. ಸಿಟ್ಟಿಲ್ಲ, ಬೇಸರವಿಲ್ಲ, ಅಡ್ರೆಸ್ ಹೇಳುವವರ ದನಿ. ಗೇಟು ತೆಗೆದು ಒಳಗೆ ಹೋದರು.

ಒಂದು ಬೋರ್ಡು ತಾನೇ, ಅಷ್ಟಕ್ಕೆ ಇಷ್ಟು ವರ್ಷ ಸಿಟ್ಟಾ ಎಂದು ನನ್ನನ್ನು ಕೇಳಿದವರಿದ್ದಾರೆ. ಬೋರ್ಡನ್ನು ನಾನು ಎಂದೋ ಮರೆಯುತ್ತಿದ್ದೆ. ಅದಾದ ಮೇಲೆ ಅಬ್ಬ ಒಂಬತ್ತು ವರ್ಷ ಬದುಕಿದ್ದರು. ಗಿಡಗಳ ಬಗ್ಗೆ ಬೇಕಾದಷ್ಟು ಮಾತಾಡಿದರು. ನಿಶಾತ್ ಬಾಗಿನ ಹೆಸರನ್ನು ಮಾತ್ರ ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ, ನನ್ನ ಮುಂದೆಯೂ.